ಒಟ್ಟಿಗೆ ಕೂತದ್ದೇ ದೊಡ್ಡ ಕೆಲಸ

(ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ, 2026ರ ಎಸ್.ಎಸ್.ಎಲ್.ಸಿ. ಮಕ್ಕಳ ಬೀಳ್ಕೊಡುಗೆ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.)

ಹೆಡ್ಮಾಷ್ಟ್ರೇ, ಪಿ.ಟಿ.ಎ. ಅಧ್ಯಕ್ಷರೇ, ನನ್ನ ಜೊತೆ ಕೆಲಸ ಮಾಡಿದ ಟೀಚರ್‌ಗಳೇ, ಊರಿನ ಹಿರಿಯರೇ, ಮುಖ್ಯವಾಗಿ ಹತ್ತನೇ ತರಗತಿಯ ಮಕ್ಕಳೇ,

ಸೆಂಡ್ ಆಫ್ ಸಭೆಯಲ್ಲಿ ಮುಂದಿನ ಮಾತೇ ಜಾಸ್ತಿ ಇರುತ್ತದೆ. ಪರೀಕ್ಷೆ ಹೇಗೆ ಬರೆಯಬೇಕು, ಎಷ್ಟು ಎ ಪ್ಲಸ್ ಬರಬೇಕು, ಪ್ಲಸ್ ವನ್‌ಗೆ ಸಯನ್ಸಾ ಕಾಮರ್ಸಾ. ಅದನ್ನು ಹೇಳುವವರು ನಿಮ್ಮ ಮನೆಯಲ್ಲೂ ಇದ್ದಾರೆ, ಈ ವೇದಿಕೆಯಲ್ಲೂ ಇದ್ದಾರೆ. ನಾನು ನಿಮಗೆ ಕನ್ನಡ ಪಾಠ ಮಾಡಿ, ಈಗ ನಿವೃತ್ತಿಯಾಗಿ ಮನೆಯಲ್ಲಿರುವವನು. ಹಿಂದಿನ ಮಾತು ಆಡಲು ನನಗೆ ಬಿಡುವೂ ಇದೆ, ಆಸೆಯೂ ಇದೆ. ಈ ಹತ್ತು ವರ್ಷ ನೀವು ಇಲ್ಲಿ ಏನು ಮಾಡಿದಿರಿ? ಅದನ್ನೇ ಒಮ್ಮೆ ನೋಡೋಣ.

ನೀವು ಒಂದನೇ ತರಗತಿಗೆ ಬಂದದ್ದು 2016ರ ಜೂನ್‌ನಲ್ಲಿ. ಪ್ರವೇಶೋತ್ಸವದ ದಿನ ಬಣ್ಣದ ಕಾಗದದ ಟೊಪ್ಪಿ ಹಾಕಿ ಕೂರಿಸಿದ್ದರು. ಆ ದಿನದ ಫೋಟೋ ಆಫೀಸಿನಲ್ಲಿದೆ, ನೋಡಿ. ಅರ್ಧ ಜನ ಅಳುತ್ತಿದ್ದೀರಿ. ಅಳುವಾಗ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಅತ್ತಿರಿ ಎಂದು ನಿಮ್ಮ ಒಂದನೇ ತರಗತಿಯ ಟೀಚರ್ ನನ್ನ ಹತ್ತಿರ ಹೇಳಿದ್ದುಂಟು. ತುಳುವಿನಲ್ಲಿ ಅಮ್ಮನನ್ನು ಕರೆದವರು, ಬ್ಯಾರಿಯಲ್ಲಿ ಉಮ್ಮನನ್ನು ಕರೆದವರು, ಮಲಯಾಳದಲ್ಲಿ ಅತ್ತವರು, ಕೊಂಕಣಿಯವರು, ಮರಾಟಿಯವರು, ಹವ್ಯಕ ಕನ್ನಡದವರು. ಪುಸ್ತಕದಲ್ಲಿರುವ ಕನ್ನಡವನ್ನು ಮನೆಯಿಂದಲೇ ತಂದ ಮಗು ಆ ತರಗತಿಯಲ್ಲಿ ಒಂದೂ ಇರಲಿಲ್ಲ.

ಹೊರಗಿನವರಿಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ. ಗಡಿನಾಡ ಕನ್ನಡ ಶಾಲೆ ಎಂದರೆ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳ ಶಾಲೆ ಎಂದು ಬೆಂಗಳೂರಿನವರು ತಿಳಿದಿರುತ್ತಾರೆ. ಇಲ್ಲಿ ಮನೆಯ ಭಾಷೆ ಒಂದು, ಬಸ್ ಸ್ಟ್ಯಾಂಡಿನ ಭಾಷೆ ಇನ್ನೊಂದು, ಆಟದ ಬಯಲಿನಲ್ಲಿ ಹೆಚ್ಚಾಗಿ ತುಳು. ಕನ್ನಡ ನಿಮಗೆ ಪಕ್ಕದ ಬೆಂಚಿನವರ ಜೊತೆ ಸೇರಿ ಬಂದ ಭಾಷೆ. ಒಬ್ಬರ ಬಾಯಿಂದ ಇನ್ನೊಬ್ಬರು ಕಲಿತಿರಿ. ನಾನು ಎಂಟನೇ ತರಗತಿಯಲ್ಲಿ ನಿಮಗೆ ಪಾಠ ಶುರು ಮಾಡುವ ಹೊತ್ತಿಗೆ ಜಗಳವನ್ನೂ ಕನ್ನಡದಲ್ಲೇ ಮಾಡುತ್ತಿದ್ದಿರಿ. ಅದನ್ನು ಕೇಳಿ ನನಗೆ ನಿಜವಾಗಿ ಖುಷಿಯಾಗಿತ್ತು. ಜಗಳಕ್ಕೆ ಒದಗಿದ ಭಾಷೆ ಎಲ್ಲದಕ್ಕೂ ಒದಗುತ್ತದೆ.

ಸ್ವಲ್ಪ ಹಳೆಯ ಕತೆ ಹೇಳಬೇಕು. ನಿಮ್ಮ ಅಜ್ಜ-ಅಜ್ಜಿಯರಲ್ಲಿ ಕೆಲವರಿಗೆ ಇದು ಕಣ್ಣಾರೆ ಕಂಡ ಸಂಗತಿ. ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಆ ವರ್ಷ ನಿಮ್ಮ ಪ್ರಾಯದ ಮಕ್ಕಳು ಹಿಂದಿನ ದಿನ ಕೂತ ಬೆಂಚಿನಲ್ಲೇ ಮರುದಿನವೂ ಕೂತರು. ಮಾಷ್ಟ್ರು ಅವರೇ, ಪುಸ್ತಕ ಅದೇ, ರಾಜ್ಯ ಮಾತ್ರ ಬೇರೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಅದು ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಒಂದು ಜಿಲ್ಲೆಯಾಯಿತು. ಕೇರಳಕ್ಕೆ ಸೇರಿ ಬರುವ ನವೆಂಬರ್‌ಗೆ 70 ವರ್ಷ ತುಂಬುತ್ತದೆ.

ಈ 70 ವರ್ಷ ಇಲ್ಲಿ ಕನ್ನಡ ಹೇಗೆ ಉಳಿಯಿತು ಎಂದು ಕೇಳಿದರೆ ಎಲ್ಲರೂ ದೊಡ್ಡವರ ಹೆಸರು ಹೇಳುತ್ತಾರೆ. ಹೇಳಬೇಕಾದದ್ದೇ. ಮಂಜೇಶ್ವರದ ಗೋವಿಂದ ಪೈಗಳು ಇದ್ದರು. ಕಯ್ಯಾರ ಕಿಞ್ಞಣ್ಣ ರೈಗಳು ಇದ್ದರು. ರೈಗಳು ತೀರಿಕೊಂಡದ್ದು 2015ರ ಆಗಸ್ಟ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ. ನೀವು ಆಗ ಅಂಗನವಾಡಿಯಲ್ಲಿದ್ದಿರಿ. ಕವಿ, ಹೋರಾಟಗಾರ ಎಂದು ಅವರನ್ನು ನೆನೆಯುತ್ತೇವೆ. ಆದರೆ ಅವರು ಎಷ್ಟೋ ವರ್ಷ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮಾಷ್ಟ್ರಾಗಿದ್ದರು. ಅಧ್ಯಾಪಕರಿಗೆ ಕೊಡುವ ರಾಷ್ಟ್ರಪ್ರಶಸ್ತಿಯೂ ಅವರಿಗೆ ಬಂದಿತ್ತು. ಮಾಷ್ಟ್ರು ಎಷ್ಟೇ ದೊಡ್ಡವರಾಗಲಿ, ಎದುರಿಗೆ ಮಕ್ಕಳು ಕೂರದಿದ್ದರೆ ಪಾಠ ಯಾರಿಗೆ ಮಾಡುತ್ತಾರೆ? ಕಾಸರಗೋಡಿನಲ್ಲಿ ಕನ್ನಡ ಉಳಿದದ್ದರಲ್ಲಿ ಬೆಂಚಿನಲ್ಲಿ ಕೂತ ಮಕ್ಕಳ ಪಾಲು ದೊಡ್ಡದು. ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ನಾನು ಇವತ್ತು ಮಾತಾಡುವುದು ಅವರ ಬಗ್ಗೆ, ಅಂದರೆ ನಿಮ್ಮ ಬಗ್ಗೆ.

ಜೂನ್‌ನಲ್ಲಿ ಶಾಲೆ ಶುರುವಾಗಿ ಆರನೇ ಕೆಲಸದ ದಿನ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತುಂಟಾ? ಅವತ್ತು ತಲೆ ಲೆಕ್ಕ. ಆ ದಿನ ಎಷ್ಟು ಮಕ್ಕಳಿದ್ದಾರೋ ಆ ಲೆಕ್ಕದ ಮೇಲೆ ಆ ವರ್ಷದ ಡಿವಿಷನ್, ಅಧ್ಯಾಪಕರ ಹುದ್ದೆ ಎಲ್ಲ ತೀರ್ಮಾನವಾಗುತ್ತದೆ. ಕನ್ನಡ ಡಿವಿಷನ್‌ಗೆ ಮಕ್ಕಳು ಕಡಿಮೆಯಾದರೆ ಡಿವಿಷನ್ ಬೀಳುತ್ತದೆ, ಹುದ್ದೆ ಹೋಗುತ್ತದೆ. ಒಮ್ಮೆ ಬಿದ್ದದ್ದನ್ನು ಮತ್ತೆ ಎಬ್ಬಿಸುವುದು ಬಹಳ ಕಷ್ಟ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಟೀಚರ್‌ಗಳು ನಿಮ್ಮ ಮನೆಗಳಿಗೆ ಬಂದು ನಿಮ್ಮ ತಮ್ಮ-ತಂಗಿಯರನ್ನು ಇಲ್ಲಿಗೇ ಸೇರಿಸಿ ಎಂದು ಕೇಳಿಕೊಳ್ಳುವುದು ಇದಕ್ಕೇ.

ನಿಮಗೆ ಇದೆಲ್ಲ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ನೀವು ಕೊಡೆ ಹಿಡಿದುಕೊಂಡು, ಒದ್ದೆ ಚೀಲ ಹೊತ್ತುಕೊಂಡು ಬಂದಿರಿ. ಸುಮ್ನೆ ಬಂದು ಕೂತಿರಿ. ಆದರೆ ನೀವು ಕೂತದ್ದರಿಂದ ನಿಮ್ಮ ಪಕ್ಕದವನಿಗೆ ಕನ್ನಡದಲ್ಲಿ ವಿಜ್ಞಾನ ಕಲಿಸಲು ಒಬ್ಬ ಟೀಚರ್ ಉಳಿದರು. ಅವನು ಕೂತದ್ದರಿಂದ ನಿಮಗೂ ಉಳಿದರು. ಹತ್ತು ವರ್ಷ ನೀವು ಒಬ್ಬರಿಗೊಬ್ಬರು ಮಾಡಿದ ಉಪಕಾರ ಇದು. ಅದನ್ನು ಹೇಳದೆ ನಿಮ್ಮನ್ನು ಕಳಿಸಿಕೊಡಲು ನನಗೆ ಮನಸ್ಸಿಲ್ಲ.

ನಿಮ್ಮ ಬ್ಯಾಚಿಗೆ ಇನ್ನೊಂದು ವಿಶೇಷ ಇದೆ. ನೀವು ನಾಲ್ಕನೇ ತರಗತಿ ಮುಗಿಸಲೇ ಇಲ್ಲ. 2020ರ ಮಾರ್ಚ್‌ನಲ್ಲಿ, ಇನ್ನೇನು ವಾರ್ಷಿಕ ಪರೀಕ್ಷೆ ಎನ್ನುವಾಗ, ಏಳರವರೆಗಿನ ತರಗತಿಗಳನ್ನು ನಿಲ್ಲಿಸಿ, ಪರೀಕ್ಷೆ ಇಲ್ಲ ಎಂದು ಸರಕಾರ ಹೇಳಿತು. ಪರೀಕ್ಷೆ ಇಲ್ಲ ಎಂದು ಕುಣಿದು ಹೋದವರು ನೀವು. ಕೆಲವು ದಿನಗಳಲ್ಲೇ ಎಲ್ಲ ಬದಲಾಯಿತು. ಕೊರೋನಾ ಸುದ್ದಿಯಲ್ಲಿ ದಿನಾ ಕಾಸರಗೋಡಿನ ಹೆಸರು. ತಲಪಾಡಿಯಲ್ಲಿ ಕರ್ನಾಟಕದ ಗಡಿ ಬಂದ್. ಎಷ್ಟೋ ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಅಜ್ಜನನ್ನು ಮದ್ದಿಗೆ ಮಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದ ದಾರಿ ಅದು. ಗಡಿ ಎಂದರೆ ನಿಜವಾಗಿ ಒಂದು ಗೆರೆ ಇದೆ ಎಂದು ನಿಮ್ಮಲ್ಲಿ ಹಲವರಿಗೆ ಗೊತ್ತಾದದ್ದು ಆ ಮಣ್ಣಿನ ರಾಶಿ ನೋಡಿದಾಗ.

ಜೂನ್‌ನಲ್ಲಿ ಕೇರಳ ಸರಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ ಪಾಠ ಶುರುವಾಯಿತು. ನೀವು ಐದನೇ ತರಗತಿ. ಕನ್ನಡ ಮಾಧ್ಯಮದ ಪಾಠಗಳನ್ನು ಫೋನಿನಲ್ಲಿ ನೋಡಬೇಕು. ಮನೆಗೊಂದು ಫೋನು, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ. ರೇಂಜ್ ಸಿಗುವುದು ಗೇರು ಗುಡ್ಡೆಯ ತುದಿಯಲ್ಲಿ. ಆ ಗುಡ್ಡೆಯ ಮುರಕಲ್ಲಿನ ಮೇಲೆ ಪ್ಲಾಸ್ಟಿಕ್ ಹಾಸಿಕೊಂಡು ನಾಲ್ಕು ಜನ ಒಂದೇ ಫೋನು ನೋಡುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಮಾಸ್ಕ್ ಗದ್ದದ ಕೆಳಗೆ. ಮಳೆ ಹನಿ ಬಿದ್ದ ಕೂಡಲೇ ಒಬ್ಬಳು ಫೋನನ್ನು ಲಂಗದೊಳಗೆ ಸುತ್ತಿ ಹಿಡಿದುಕೊಂಡಳು. ಉಳಿದ ಮೂವರು ಪುಸ್ತಕವನ್ನು ಮರೆತು ಅವಳ ತಲೆಯ ಮೇಲೆ ಕೊಡೆ ಹಿಡಿದರು. "ಬ್ಯಾಟರಿ ಎಷ್ಟುಂಟು ಮಾರಾಯ್ತಿ?" ಎಂದು ಒಬ್ಬ ಕೇಳಿದ. "ಹನ್ನೆರಡು." "ಹಾಗಾದ್ರೆ ಗಣಿತ ಬಿಡುವ, ಕನ್ನಡ ನೋಡುವ."

ಶಾಲೆ ಮತ್ತೆ ಬಾಗಿಲು ತೆರೆದದ್ದು 2021ರ ನವೆಂಬರ್ 1ಕ್ಕೆ. ನೀವು ಆರನೇ ತರಗತಿ. ಒಂದೂವರೆ ವರ್ಷಕ್ಕಿಂತ ಜಾಸ್ತಿ ಆಗಿತ್ತು. ಎಲ್ಲರೂ ಎತ್ತರವಾಗಿದ್ದಿರಿ, ಯೂನಿಫಾರ್ಮ್ ಯಾರಿಗೂ ಸರಿಯಾಗುತ್ತಿರಲಿಲ್ಲ. ಒಂದು ಬೆಂಚಿಗೆ ಇಬ್ಬರು ಎಂದು ಕೂರಿಸಿದ್ದೆವು. ಅವತ್ತು ಕೆಲವು ಬೆಂಚು ಖಾಲಿಯೇ ಉಳಿಯಿತು. ಸರದಿಯಲ್ಲಿ ನಾಳೆ ಬರುತ್ತಾರೆ ಎಂದುಕೊಂಡಿರಿ. ಕೆಲವರು ನಾಳೆಯೂ ಬರಲಿಲ್ಲ. ಆ ನಡುವೆ ಅವರು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿ ಆಗಿತ್ತು. ಒಂದು ಮನೆಯವರು ಗಲ್ಫಿಗೆ ಹೋಗಿದ್ದರು. ಇನ್ನೊಬ್ಬ ಹುಡುಗನ ಅಪ್ಪನ ಕೆಲಸ ಹೋಗಿ, ಅವರು ಅಜ್ಜಿ ಮನೆಯ ಕಡೆ ಹೊರಟುಬಿಟ್ಟಿದ್ದರು. ಯಾರಿಗೂ ಯಾರೂ ಹೋಗಿ ಬರುತ್ತೇನೆ ಎಂದು ಹೇಳಿರಲಿಲ್ಲ. ಇವತ್ತು ನಿಮಗೆ ಹಾರ, ಹಾಡು, ಊಟ ಎಲ್ಲ ಇದೆ. ಅವರಿಗೆ ಅದು ಸಿಗಲಿಲ್ಲ.

ಹೋದವರ ಬಗ್ಗೆ ಒಂದು ಮಾತು ಹೇಳಲೇಬೇಕು. ಕನ್ನಡ ಬಿಟ್ಟು ಹೋದವರು ಎಂದು ಅವರನ್ನು ಹಂಗಿಸುವ ರೂಢಿ ನಮ್ಮಲ್ಲಿದೆ. ಭಾಷಣಗಳಲ್ಲಿ ಕೇಳಿದ್ದೀರಿ. ನನಗೆ ಅದು ಸರಿ ಕಾಣುವುದಿಲ್ಲ. ಮಗುವಿನ ಕೆಲಸ, ಮುಂದಿನ ಓದು ಎಂದು ತಂದೆ-ತಾಯಿಗೆ ಹೆದರಿಕೆ ಇರುತ್ತದೆ. ಇಲ್ಲಿ ಕನ್ನಡದಲ್ಲಿ ಓದಿದವರಿಗೆ ಪ್ಲಸ್ ವನ್ ಸೇರಿದ ಕೂಡಲೇ ಮಲಯಾಳ ಮತ್ತು ಇಂಗ್ಲಿಷಿನ ನಡುವೆ ಒದ್ದಾಟ ಆಗುತ್ತದೆ. ಆ ಹೆದರಿಕೆಗೆ ಉತ್ತರ ಕೊಡಬೇಕಾದದ್ದು ಸರಕಾರ, ನಾವು, ಹಿರಿಯರು. ಒಂಬತ್ತು ವರ್ಷದ ಮಗುವಿನ ಮೇಲೆ ಅದನ್ನು ಹೊರಿಸಬಾರದು. ಆ ಮಕ್ಕಳೂ ನಾಲ್ಕು ವರ್ಷ ಇಲ್ಲಿ ಕೂತವರೇ. ಅವರ ತಲೆಯೂ ಆ ಲೆಕ್ಕದಲ್ಲಿ ಇತ್ತು. ಅವರು ಇದ್ದದ್ದರಿಂದಲೇ ನಿಮ್ಮ ಡಿವಿಷನ್ ನಾಲ್ಕರವರೆಗೆ ಗಟ್ಟಿಯಾಗಿ ಬಂತು.

ಎಂಟನೇ ತರಗತಿಯಲ್ಲಿ ಕೆಲವು ತಿಂಗಳು ನಿಮ್ಮ ಗಣಿತಕ್ಕೆ ಬಂದ ಅಧ್ಯಾಪಕರಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ಆ ವ್ಯಕ್ತಿಯನ್ನು ನಾನು ದೂರುವುದಿಲ್ಲ, ಒಳ್ಳೆಯ ಮನುಷ್ಯ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರನ್ನು ಕಳಿಸುವುದು ತಪ್ಪು. ಇದರ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಮಕ್ಕಳು, ಹೆತ್ತವರು ಪ್ರತಿಭಟನೆ ಮಾಡಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಆ ತಿಂಗಳುಗಳಲ್ಲಿ ನಿಮ್ಮ ಕ್ಲಾಸಿನ ಮುಂದೆ ಹಾದು ಹೋಗುವಾಗ ನಾನು ನಿಂತು ನೋಡಿದ್ದೇನೆ. ಅವರು ಬೋರ್ಡಿನಲ್ಲಿ ಲೆಕ್ಕ ಬಿಡಿಸುತ್ತ ಮಲಯಾಳದಲ್ಲಿ ಹೇಳುತ್ತಿದ್ದರು. ಮನೆಯಲ್ಲಿ ಮಲಯಾಳ ಮಾತಾಡುವ ಒಬ್ಬಳು ಮೂರನೇ ಬೆಂಚಿನಲ್ಲಿ ಎದ್ದು ನಿಂತು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಹಿಂದಿನ ಬೆಂಚಿನಿಂದ "ನಿಧಾನ, ನಿಧಾನ" ಎಂದು ಕೂಗು. ಅಧ್ಯಾಪಕರೂ ನಿಲ್ಲಿಸಿ ಕಾಯುತ್ತಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರಿಗೆ ನೀವೇ ಕನ್ನಡ ಅಕ್ಷರ ಬರೆದು ತೋರಿಸುತ್ತಿದ್ದಿರಿ. ಮಗು ಮಾಡಬೇಕಾದ ಕೆಲಸವಲ್ಲ ಇದು. ಹೀಗೆ ನಡೆಯಬಾರದಿತ್ತು ಎಂದು ನಾನು ಈ ವೇದಿಕೆಯಿಂದಲೇ ಹೇಳುತ್ತೇನೆ. ಆದರೆ ನೀವು ಮಾಡಿದಿರಿ, ಯಾರೂ ಹೇಳಿಕೊಡದೆ ಮಾಡಿದಿರಿ. ಆ ಹುಡುಗಿ ಈಗ ಎರಡನೇ ಸಾಲಿನಲ್ಲಿ ಕೂತು ತಲೆ ತಗ್ಗಿಸಿದ್ದಾಳೆ. ತಲೆ ಎತ್ತು ಮಗಾ. ಅವಳ ಮನೆಯ ಭಾಷೆ ಈ ಇಡೀ ತರಗತಿಗೆ ಗಣಿತ ದಾಟಿಸಿತು.

ಓಣಂ ಪರೀಕ್ಷೆ, ಕ್ರಿಸ್ಮಸ್ ಪರೀಕ್ಷೆ, ಸ್ಪೋರ್ಟ್ಸ್, ಬೇಕಲ ಕೋಟೆಗೆ ಹೋದ ಪ್ರವಾಸ, ಮಳೆ ಜೋರಾದಾಗ ಕಲೆಕ್ಟರ್ ರಜೆ ಕೊಡುತ್ತಾರಾ ಎಂದು ಬೆಳಿಗ್ಗೆ ಫೋನು ಹಿಡಿದು ಕೂತದ್ದು, ಇದೆಲ್ಲ ನಿಮಗೆ ನೆನಪಿರುತ್ತದೆ. ನಾನು ಹೇಳಬೇಕಾಗಿಲ್ಲ. ಕಲೋತ್ಸವದ ಒಂದು ಸಂಗತಿ ಮಾತ್ರ ಹೇಳುತ್ತೇನೆ, ಯಾಕೆಂದರೆ ಆಟದ ಒಳಗೆ ಇದ್ದವರಿಗೆ ಅದು ಕಾಣಿಸಿರಲಿಕ್ಕಿಲ್ಲ.

ನೀವು ಒಂಬತ್ತರಲ್ಲಿದ್ದಾಗ ಉಪಜಿಲ್ಲಾ ಕಲೋತ್ಸವದಲ್ಲಿ ಯಕ್ಷಗಾನ. ರಾಮಾಯಣದ ಪ್ರಸಂಗಗಳನ್ನು ಬರೆದ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಕೂಗಳತೆಯ ದೂರ. ರಾಮಾಯಣದ ಪ್ರಸಂಗ ಆಡುವುದು ಎಂದು ತೀರ್ಮಾನವಾದಾಗ ನಮಗೆಲ್ಲ ಹುರುಪು. ಬೆಳಿಗ್ಗೆ ಹತ್ತಕ್ಕೆ ಸ್ಪರ್ಧೆ ಎಂದಿದ್ದರು. ಒಂದು ಕ್ಲಾಸ್ ರೂಮೇ ಚೌಕಿ, ಅಂದರೆ ವೇಷ ಕಟ್ಟುವ ಕೋಣೆ. ಡೆಸ್ಕುಗಳನ್ನು ಗೋಡೆಗೆ ಒತ್ತಿ, ಚಾಪೆ ಹಾಸಿ, ಬೆಳಗಾಗುವ ಮೊದಲೇ ಬಣ್ಣಕ್ಕೆ ಕೂರಿಸಿದ್ದರು. ಸಫೇತು, ಇಂಗಳೀಕ, ಕಾಡಿಗೆಯ ವಾಸನೆ ಕೋಣೆ ತುಂಬ. ಕಿರೀಟ, ಭುಜಕೀರ್ತಿ, ಗೆಜ್ಜೆ ಎಲ್ಲ ಕಟ್ಟಿ ಆಯಿತು. ಹತ್ತು ಹೋಯಿತು, ಹನ್ನೆರಡು ಹೋಯಿತು. ಮಧ್ಯಾಹ್ನ ಮೂರಾದರೂ ನಮ್ಮ ಸರದಿ ಇಲ್ಲ. ವೇಷ ಕಟ್ಟಿದವರಿಗೆ ಒರಗಲಿಕ್ಕಿಲ್ಲ, ಮುಖ ಮುಟ್ಟಲಿಕ್ಕಿಲ್ಲ, ಸರಿಯಾಗಿ ತಿನ್ನಲಿಕ್ಕೂ ಇಲ್ಲ. ಫ್ಯಾನ್ ಇರಲಿಲ್ಲ.

ರಾವಣನ ವೇಷ ಹಾಕಿದ್ದ ಹುಡುಗಿಗೆ ತಲೆ ಸುತ್ತುತ್ತಿತ್ತು. ಕಿರೀಟ ಬಿಚ್ಚೋಣ ಎಂದರೆ ಬೇಡ ಎಂದಳು, ಬಿಚ್ಚಿದರೆ ಮತ್ತೆ ಕಟ್ಟಲು ಅರ್ಧ ಗಂಟೆ ಬೇಕು. ಆಗ ತಂಡದಲ್ಲಿ ಇಲ್ಲದ ನಿಮ್ಮಲ್ಲೊಬ್ಬಳು, ಅವಳದ್ದು ಬ್ಯಾರಿ ಮಾತಾಡುವ ಮನೆ, ಸುಮ್ನೆ ನೋಡಲು ಬಂದವಳು, ಹಿಂದೆ ನಿಂತು ಕಿರೀಟವನ್ನು ಎರಡು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದಳು, ಕುತ್ತಿಗೆಗೆ ಭಾರ ಬೀಳದ ಹಾಗೆ. ಹಾಗೇ ನಿಂತಳು. ಇನ್ನೊಬ್ಬ ಸ್ಟ್ರಾ ಹಾಕಿ ಲಿಂಬೆ ಶರಬತ್ತು ಕುಡಿಸಿದ, ತುಟಿಯ ಬಣ್ಣ ಹೋಗಬಾರದಲ್ವಾ. ಕಿರೀಟ ಹಿಡಿದವಳ ಉಮ್ಮ ಕಟ್ಟಿ ಕೊಟ್ಟಿದ್ದ ಪತ್ತಿರಿ ಎಂಬ ಅಕ್ಕಿ ರೊಟ್ಟಿಯನ್ನು ಮತ್ತೊಬ್ಬಳು ಉಗುರಿನಷ್ಟು ಸಣ್ಣ ಚೂರು ಮಾಡಿ ರಾವಣನ ಬಾಯಿಗೆ ಹಾಕಿದಳು. ನೋಟ್ ಬುಕ್ ಬೀಸಿ ಗಾಳಿ ಹಾಕಲು ನಾಲ್ಕು ಜನ. ಕೈ ನೋಯುತ್ತದೆ ಎಂದು ಕಿರೀಟವನ್ನು ಒಬ್ಬರ ನಂತರ ಒಬ್ಬರು ಹಿಡಿದುಕೊಂಡಿರಿ. ಕೊನೆಗೆ ಕೋಡ್ ನಂಬರ್ ಕರೆದಾಗ ಸಂಜೆಯಾಗಿತ್ತು. ರಾವಣ ಎದ್ದು ನಿಂತದ್ದನ್ನು ನಾನು ಮರೆಯುವುದಿಲ್ಲ. ಬೆಳಗ್ಗಿನಿಂದ ಅಷ್ಟು ಹೊತ್ತು ಕಾದವಳು ಎಂದು ರಂಗದ ಮೇಲೆ ಯಾರಿಗೂ ಗೊತ್ತಾಗಲಿಲ್ಲ.

ಎ ಗ್ರೇಡ್ ಬಂತು, ಮೊದಲ ಸ್ಥಾನ ಬರಲಿಲ್ಲ. ಸರ್ಟಿಫಿಕೇಟಿನಲ್ಲಿ ತಂಡದವರ ಹೆಸರು ಮಾತ್ರ ಇದೆ. ಕಿರೀಟ ಹಿಡಿದವರ ಹೆಸರು ಎಲ್ಲೂ ಇಲ್ಲ. ಅದಕ್ಕೇ ಇಲ್ಲಿ ಹೇಳಿದೆ.

ಇನ್ನು ನೀವು ಚೆದುರುತ್ತೀರಿ. ಕೆಲವರು ತಲಪಾಡಿ ದಾಟಿ ಮಂಗಳೂರಿಗೆ, ಪಿ.ಯು.ಸಿ.ಗೆ ಹೋಗುತ್ತೀರಿ. ಹೆಚ್ಚಿನವರು ಇಲ್ಲೇ ಪ್ಲಸ್ ವನ್ ಸೇರುತ್ತೀರಿ. ಇಬ್ಬರು ಐ.ಟಿ.ಐ. ಎಂದು ಆಗಲೇ ಹೇಳಿದ್ದಾರೆ, ಒಳ್ಳೆಯದು. ಕನ್ನಡವನ್ನೇ ಓದುವ ಆಸೆ ಇರುವ ಒಬ್ಬಳಾದರೂ ಇದ್ದಾಳೆ ಎಂದು ನನಗೆ ಗೊತ್ತು. ಅವಳಿಗೆ ಕಾಸರಗೋಡಿನ ಸರಕಾರಿ ಕಾಲೇಜು ಇದೆ, ಎಂ.ಎ. ತನಕ ಅಲ್ಲೇ ಓದಬಹುದು. ಹೊಸ ಕ್ಲಾಸಿನಲ್ಲಿ ನಿಮ್ಮ ಕನ್ನಡ ಕೇಳಿ ಯಾರಾದರೂ ನಕ್ಕರೆ ಹೆದರಬೇಡಿ. ಮಂಗಳೂರಿನಲ್ಲಿ ಮಲಯಾಳದವರು ಎಂದಾರು, ಇಲ್ಲಿ ಕನ್ನಡದವರು ಎಂದಾರು. ಎರಡು ಕಡೆಯೂ ನೀವು ನಾಲ್ಕು ಭಾಷೆಯವರ ಜೊತೆ ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಬಂದವರು. ಹೊಸ ಕ್ಲಾಸಿನಲ್ಲಿ ಬೇರೆ ಭಾಷೆಯ ಮಗು ಒಂಟಿಯಾಗಿ ಕೂತಿದ್ದರೆ ನಿಮಗೆ ಬೇಗ ಕಾಣುತ್ತದೆ. ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.

ನನ್ನದೊಂದು ಕೋರಿಕೆ ಇದೆ. ನಿಮ್ಮ ವಾಟ್ಸಪ್ ಗ್ರೂಪ್ ಇದೆ, ಇರಲಿ. ಆದರೆ ಫೋನು ಬದಲಾದರೆ ಅದರಲ್ಲಿ ಇದ್ದದ್ದು ಉಳಿಯುವುದಿಲ್ಲ. ಒಂದು ದಪ್ಪ ನೋಟ್ ಬುಕ್ ತೆಗೆದುಕೊಳ್ಳಿ. ಒಂದರಿಂದ ಹತ್ತರವರೆಗೆ ಒಂದೊಂದು ವರ್ಷವನ್ನು ಇಬ್ಬಿಬ್ಬರು ಹಂಚಿಕೊಳ್ಳಿ. ಆ ವರ್ಷ ತರಗತಿಯಲ್ಲಿ ಯಾರೆಲ್ಲ ಇದ್ದರು, ಏನಾಯಿತು, ಯಾರು ಯಾರಿಗೆ ಏನು ಮಾಡಿದರು, ಎಲ್ಲ ಬರೆಯಿರಿ. ಕೈಬರಹದಲ್ಲೇ ಬರೆಯಿರಿ. ತಪ್ಪಿದ್ದರೆ ನಾನು ತಿದ್ದುವುದಿಲ್ಲ, ಮಾತು ಕೊಡುತ್ತೇನೆ. ಗಣಿತ ದಾಟಿಸಿದವಳ ಹೆಸರು, ಕಿರೀಟ ಹಿಡಿದವಳ ಹೆಸರು, ಗುಡ್ಡೆಯಲ್ಲಿ ಫೋನು ಕೊಟ್ಟ ಅಪ್ಪನ ಹೆಸರು ಅದರಲ್ಲಿ ಬರಬೇಕು. ಗಂಜಿ ಬೇಯಿಸಿ ಬಡಿಸಿದ ಅಕ್ಕನ ಹೆಸರೂ ಬರಬೇಕು. ಶಾಲೆಯ ಲೈಬ್ರರಿಯಲ್ಲಿ ಅದಕ್ಕೆ ಜಾಗ ಕೊಡುತ್ತೇವೆ ಎಂದು ಹೆಡ್ಮಾಷ್ಟ್ರು ಒಪ್ಪಿದ್ದಾರೆ.

ನಾಲ್ಕನೇ ತರಗತಿಯ ಪುಟಗಳನ್ನು ಮಾತ್ರ ನೀವು ಬರೆಯಬೇಡಿ, ನಡುವೆ ಹೋದವರು ಬರೆಯಲಿ. ಮೇ ತಿಂಗಳಲ್ಲಿ ಫಲಿತಾಂಶ ಬರುತ್ತದೆ. ಅದರ ನಂತರದ ಭಾನುವಾರ ಇಲ್ಲೇ ಸೇರಿ. ಒಂದನೇ ತರಗತಿಯ ಹಾಜರಿ ಪುಸ್ತಕ ಆಫೀಸಿನಲ್ಲಿದೆ, ಅದನ್ನು ನೋಡಿ, ನಡುವೆ ಹೋದ ಪ್ರತಿಯೊಬ್ಬರನ್ನೂ ಹುಡುಕಿ ಕರೆಯಿರಿ. ಊರಲ್ಲಿ ಇರುವವರ ಮನೆಗೆ ನಡೆದುಕೊಂಡೇ ಹೋಗಿ. ಗಲ್ಫಿನಲ್ಲಿ ಇರುವವನಿಗೆ ವಿಡಿಯೋ ಕಾಲ್ ಮಾಡಿ. ಅವರಿಗೆ ಈಗ ಕನ್ನಡ ಬರೆಯಲು ಕಷ್ಟವಾದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ. ಪಿ.ಟಿ.ಎ. ಅಧ್ಯಕ್ಷರು ಆ ದಿನದ ಊಟದ ಖರ್ಚು ವಹಿಸಿಕೊಳ್ಳುತ್ತೇವೆ ಎಂದಿದ್ದಾರೆ. ಎಷ್ಟು ಜನ ಬರುತ್ತಾರೆ ಎಂದು ನೀವು ಹಿಂದಿನ ಶುಕ್ರವಾರದೊಳಗೆ ಅವರಿಗೆ ತಿಳಿಸಬೇಕು.